ಡಿಎನ್‌ಎ ಪರೀಕ್ಷೆ ಆಯಿತಲ್ಲ, ಮತ್ತೆ ಕಾಲಿನ ಮುಳ್ಳು ಎಣಿಸುವುದೇಕೆ?

ಪ್ರಶ್ನೆ: ಕೆರೆಯ ನೀರಿನಲ್ಲಿ ಒಂದು ಮಿಲಿಮೀಟರ್ ಉದ್ದದ ಕೋಪಿಪಾಡ್ (ಸಿಗಡಿಯ ದೂರದ ನೆಂಟನಾದ ಪುಟ್ಟ ನೀರುಜೀವಿ) ಸಿಕ್ಕಿದೆ. ಡಿಎನ್‌ಎ ಪರೀಕ್ಷೆ ಮಾಡಿಸಿದೆ, ಯಾವುದಕ್ಕೂ ತಾಳೆಯಾಗಲಿಲ್ಲ. ಹೊಸ ಪ್ರಭೇದ ಅಂತ ಪ್ರಕಟಿಸಬಹುದಾ?

ಇಲ್ಲ. ಸ್ವಲ್ಪ ತಡೆಯಿರಿ.

ನಿಮ್ಮ ಪತ್ರದಲ್ಲಿ ಗಂಡೋ ಹೆಣ್ಣೋ ಎಂಬ ಮಾತಿಲ್ಲ, ಬಲಿತದ್ದೋ ಎಳೆಯದೋ ಎಂಬುದೂ ಇಲ್ಲ. ಕೋಪಿಪಾಡ್ ಮೊಟ್ಟೆಯಿಂದ ಬಂದ ಮೇಲೆ ಆರು ನಾಪ್ಲಿಯಸ್ ಹಂತ, ಆಮೇಲೆ ಆರು ಕೋಪಿಪೋಡಿಡ್ ಹಂತ ದಾಟುತ್ತದೆ. ಕೊನೆಯದು ಮಾತ್ರ ಪ್ರೌಢ. ಅದಕ್ಕಿಂತ ಹಿಂದಿನ ಹಂತದ ಮರಿಯನ್ನು ಹಿಡಿದು ‘ಇದರ ಕಾಲು ಯಾವ ಚಿತ್ರಕ್ಕೂ ಹೊಂದುತ್ತಿಲ್ಲ’ ಎಂದರೆ ಹೇಗೆ ಹೊಂದೀತು? ಆ ಕಾಲು ಇನ್ನೂ ಪೂರ್ತಿ ಮೂಡೇ ಇಲ್ಲ.

ಈಗ ಆ ಡಿಎನ್‌ಎ ಮಾತು. ಎಷ್ಟು ಸಲ ಬಿಡಿಸಿ ಹೇಳಿದರೂ ಈ ಭೂತ ಮತ್ತೆ ಬಂದು ಹೆಗಲೇರುತ್ತದೆ. ‘ತಾಳೆಯಾಗಲಿಲ್ಲ’ ಎಂದರೆ ಏನಕ್ಕೆ ತಾಳೆಯಾಗಲಿಲ್ಲ? ಈವರೆಗೆ ಯಾರೋ ಓದಿ ದಾಖಲಿಸಿಟ್ಟ ಸರಣಿಗಳಿಗೆ. ನಿಮ್ಮ ಫೋನಿನಲ್ಲಿ ಒಬ್ಬರ ನಂಬರ್ ಸೇವ್ ಆಗಿಲ್ಲ ಎಂದರೆ ಅವರು ನಿನ್ನೆ ಹುಟ್ಟಿದವರೇನೂ ಅಲ್ಲವಲ್ಲ! ಪ್ರಾಣಿಗಳ ಹೆಸರಿನ ಲೆಕ್ಕ 1758ರಿಂದ ಶುರು. ಓಟೊ ಫ್ರೆಡ್ರಿಕ್ ಮ್ಯೂಲರ್ ‘ಸೈಕ್ಲೋಪ್ಸ್’, ‘ಡಾಫ್ನಿಯಾ’ ಎಂಬ ಪುಟ್ಟ ನೀರುಜೀವಿ ಕುಲಗಳ ಹೆಸರುಗಳನ್ನು ಕೊಟ್ಟದ್ದು 1785ರಲ್ಲಿ. ಡಿಎನ್‌ಎ ಬಾರ್‌ಕೋಡ್ ಎಂಬ, ಒಂದು ಗೊತ್ತಾದ ತುಣುಕನ್ನು ಓದಿ ಪ್ರಭೇದ ಗುರುತಿಸುವ ಪದ್ಧತಿ ಬಂದದ್ದು 2003ರಲ್ಲಿ. ನಡುವಿನ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಹೆಸರು ಪಡೆದ ಬಹಳಷ್ಟು ಜೀವಿಗಳು ಇವತ್ತಿಗೂ ರೇಖಾಚಿತ್ರವಾಗಿ, ಎರಡು ಪುಟದ ವರ್ಣನೆಯಾಗಿ ಮಾತ್ರ ಉಳಿದಿವೆ. ಅವುಗಳ ಮೂಲ ಮಾದರಿ ಫಾರ್ಮಲಿನ್‌ನಲ್ಲಿದ್ದರೆ ಡಿಎನ್‌ಎ ಚೂರುಚೂರಾಗಿರುತ್ತದೆ. ಎಷ್ಟೋ ಕಡೆ ಮಾದರಿಯೇ ಕಳೆದುಹೋಗಿದೆ. ನಿಮ್ಮದು ಅವುಗಳಲ್ಲಿ ಒಂದಲ್ಲ ಎಂದು ತೋರಿಸಬೇಕಾದರೆ ಕಾಲಿಗೆ ಕಾಲು, ಮುಳ್ಳಿಗೆ ಮುಳ್ಳು ಇಟ್ಟು ನೋಡದೆ ದಾರಿಯಿಲ್ಲ.

‘ಆದರೆ ಶೇಕಡಾ ಇಷ್ಟು ವ್ಯತ್ಯಾಸ ಬಂದಿದೆ ಸಾರ್’ ಎನ್ನುತ್ತಾರೆ. ಎಷ್ಟು ಬಂದರೆ ಬೇರೆ ಪ್ರಭೇದ? ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗುಂಡಿಗಳಲ್ಲಿ ಟಿಗ್ರಿಯೋಪಸ್ ಕ್ಯಾಲಿಫೋರ್ನಿಕಸ್ ಎಂಬ ಕೋಪಿಪಾಡ್ ಇದೆ. ಅದರ ಕೆಲವು ಗುಂಪುಗಳ ನಡುವೆ ಮೈಟೊಕಾಂಡ್ರಿಯಾದ ಡಿಎನ್‌ಎ 20%ರಷ್ಟು ಬೇರೆ. ಆದರೂ ಅವುಗಳನ್ನು ಕೂಡಿಸಿದರೆ ಮರಿಯಾಗುತ್ತವೆ. ಮೊದಲ ಪೀಳಿಗೆ ಚೆನ್ನಾಗಿಯೇ ಇರುತ್ತದೆ, ಎರಡನೆಯದು ಸೊರಗುತ್ತದೆ. ಹೆಸರು ಈಗಲೂ ಒಂದೇ. ಅತ್ತ ಯೂರಿಟೆಮೋರಾ ಅಫಿನಿಸ್ ಎಂಬ ಇನ್ನೊಂದು ಕೋಪಿಪಾಡಿನ ಕಥೆ ತಲೆಕೆಳಗು: ನೋಡಲು ಎಲ್ಲ ಒಂದೇ ಥರ, ಆದರೆ ಕೆಲವು ವಂಶಗಳು ಒಂದಕ್ಕೊಂದು ಕೂಡಿ ಬಾಳುವುದಿಲ್ಲ. ಅದನ್ನು ತೋರಿಸಿಕೊಟ್ಟವರು ಸಂಶೋಧಕಿ ಕ್ಯಾರಲ್ ಲೀ. ಅಲ್ಲಿಗೇ ಹೊಸ ಹೆಸರು ಬಂದುಬಿಡಲಿಲ್ಲ. ಬೇರೆ ಇಬ್ಬರು ಕೂತು ಮೈಯ ವ್ಯತ್ಯಾಸಗಳನ್ನು ಹುಡುಕಿ ಬರೆದ ಮೇಲೆಯೇ, 2011ರಲ್ಲಿ, ಯೂರಿಟೆಮೋರಾ ಕ್ಯಾರೊಲೀಯೀ ಹುಟ್ಟಿದ್ದು. ಡಿಎನ್‌ಎ ‘ಇಲ್ಲಿ ಅಗೆದು ನೋಡು’ ಎಂದು ಬೆರಳು ತೋರಿಸುತ್ತದೆ. ಅಗೆಯುವ ಕೆಲಸ ನಿಮ್ಮದೇ.

ಅಗೆಯುವುದೆಂದರೆ ಹೀಗೆ. ಒಂದು ಹನಿ ಗ್ಲಿಸರಿನ್, ಅದರಲ್ಲಿ ಪ್ರೌಢ ಗಂಡು, ಎರಡೂ ಕೈಯಲ್ಲಿ ಕೂದಲಿನಷ್ಟು ಸಪೂರ ತುದಿಯ ಸೂಜಿ. ಒಂದು ಮೈ ಒತ್ತಿ ಹಿಡಿಯಲು, ಇನ್ನೊಂದು ಕಾಲು ಬಿಡಿಸಲು. ಡಯಾಪ್ಟೋಮಿಡ್ ಎಂಬ ಕೋಪಿಪಾಡ್ ಕುಟುಂಬದ್ದಾದರೆ ಗಂಡಿನ ಐದನೇ ಜೋಡಿ ಕಾಲೇ ಜಾತಕ: ಬಲಗಾಲು ಹೆಣ್ಣನ್ನು ಹಿಡಿಯುವ ಕೊಕ್ಕೆ, ಎಡಗಾಲು ಚಿಕ್ಕದು. ಆ ಕೊಕ್ಕೆಯ ಬಾಗು, ಪಕ್ಕದ ಮುಳ್ಳು ಎಲ್ಲಿಂದ ಹೊರಟಿದೆ ಎಂಬುದು, ಇವೇ ಪ್ರಭೇದ ಹೇಳುತ್ತವೆ. ಒಮ್ಮೆ ನಾನು ಇದ್ದದ್ದೊಂದೇ ಗಂಡನ್ನು ಬಿಡಿಸುವಾಗ ಸೂಜಿ ಮೇಲೆತ್ತಿದೆ; ಎಡಗಾಲು ಅದರ ತುದಿಗಂಟಿ ಹನಿಯಿಂದಾಚೆ ಹೋಯಿತು. ಸಂಜೆಯವರೆಗೆ ಹುಡುಕಿದೆ. ಆ ಪ್ರಾಣಿಗೆ ಇನ್ನೂ ಹೆಸರಿಲ್ಲ. ಅದಕ್ಕೇ ಹೇಳುವುದು, ಒಂದನ್ನೇ ನೆಚ್ಚಿಕೊಂಡು ಕೂರಬೇಡಿ, ಅದೇ ನೀರಿನಿಂದ ಇನ್ನಷ್ಟು ಹಿಡಿದಿಡಿ.

ಹೆಸರನ್ನು ಮಂಜೂರು ಮಾಡುವವರು ಯಾರು ಎಂದು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಯಾರೂ ಇಲ್ಲ. ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ ನಿಯಮ ಬರೆಯುತ್ತದೆ, ಸರ್ಟಿಫಿಕೇಟ್ ಕೊಡುವುದಿಲ್ಲ. ನಿಯಮದಂತೆ ಪ್ರಕಟವಾದರೆ ಹೆಸರು ನಿಂತಿತು. ಬರೀ ಆನ್‌ಲೈನ್ ಪತ್ರಿಕೆಯಾದರೆ ಆಯೋಗದ ಆನ್‌ಲೈನ್ ದಾಖಲೆಪುಸ್ತಕವಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ವಿಶೇಷಣವನ್ನು ಹೆಸರಾಗಿಸಿದರೆ ಕುಲದ ಲಿಂಗಕ್ಕೆ ಹೊಂದಬೇಕು. ಡಾಫ್ನಿಯಾ ಸ್ತ್ರೀಲಿಂಗ, ಹಾಗಾಗಿ ‘ಮ್ಯಾಗ್ನಾ’. ಸೈಕ್ಲೋಪ್ಸ್ ಪುಲ್ಲಿಂಗ, ಅಲ್ಲಿ ಅದೇ ಪದ ‘ಮ್ಯಾಗ್ನಸ್’ ಆಗುತ್ತಿತ್ತು. ನಿಮ್ಮದೇ ಹೆಸರಿಡಬೇಡಿ ಎಂದು ನಿಯಮವೇನೂ ಅಡ್ಡ ಬರುವುದಿಲ್ಲ. ಜನ ನಗುತ್ತಾರೆ, ಅಷ್ಟೇ.

ಇನ್ನೊಂದು. ಬಿಡಿಸಿದ ಮೇಲೆ ನಿಮ್ಮ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಆ ಒಂದೇ ಮಾದರಿ, ಐದಾರು ಸ್ಲೈಡುಗಳಲ್ಲಿ ಹಂಚಿಹೋಗಿರುತ್ತದೆ. ಅಷ್ಟೂ ಸೇರಿ ಒಂದೇ ಪ್ರಾಣಿ, ಆದ್ದರಿಂದ ಪ್ರತಿಯೊಂದರ ಮೇಲೂ ಅದೇ ಸಂಖ್ಯೆ ಬರೆಯಿರಿ. ಉಳಿದ ಪ್ರಾಣಿಗಳ ಸೀಸೆಯೊಳಗಿನ ಚೀಟಿಗೆ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿಹೋಗುತ್ತದೆ.