ಹೆಸರು ಮುಚ್ಚಿ ಓದಿದಾಗ

ಕಲಬುರಗಿಯಲ್ಲಿ ಜಿಲ್ಲಾ ಪುಟಗಳನ್ನು ತಿದ್ದುತ್ತಲೇ ನನ್ನ ವೃತ್ತಿಜೀವನ ಕಳೆದಿದೆ. ಡೆಸ್ಕ್‌ಗೆ ಹೊಸದಾಗಿ ಬಂದವರಿಗೆ ಮೊದಲ ದಿನವೇ ಒಂದು ಕೆಲಸ ಕೊಡುತ್ತೇನೆ. ರಾಜಕೀಯ ವರದಿಯೊಂದರಲ್ಲಿ ನಾಯಕರ ಹೆಸರನ್ನೂ ಪಕ್ಷವನ್ನೂ ಬೆರಳಿನಿಂದ ಮುಚ್ಚಿ, ಎದುರು ಪಾಳಯದವರ ಹೆಸರಿಟ್ಟು ಓದಿ. ಅದೇ ಶೀರ್ಷಿಕೆ ಕೊಡಲು ಆಗಲೂ ಮನಸ್ಸು ಒಪ್ಪುತ್ತದೆಯೇ? ಬಹಳ ಸಲ ಒಪ್ಪುವುದಿಲ್ಲ.

ಸಂಪಾದಕೀಯದಲ್ಲಿರುವ ಪಕ್ಷಪಾತವನ್ನು ಓದುಗರು ಸುಲಭವಾಗಿ ಹಿಡಿಯುತ್ತಾರೆ. ಕ್ರಿಯಾಪದದೊಳಗೆ ಅಡಗಿದ್ದು ಕಣ್ಣಿಗೆ ಬೀಳದೆ ಒಳಗೆ ಇಳಿಯುತ್ತದೆ. ಏರುದನಿಯ ಭಾಷಣ ಮಾಡಿದ ಒಬ್ಬರು ‘ಗುಡುಗಿದರು’, ಇನ್ನೊಬ್ಬರು ‘ನಾಲಿಗೆ ಹರಿಬಿಟ್ಟರು’. ಪ್ರಶ್ನೆಗೆ ಉತ್ತರಿಸದೆ ಎದ್ದುಹೋದ ಒಬ್ಬರು ‘ಮೌನಕ್ಕೆ ಶರಣಾದರು’, ಇನ್ನೊಬ್ಬರು ‘ನುಣುಚಿಕೊಂಡರು’. ವರ್ಷಗಳ ಹಿಂದೆ ಶಹಾಬಾದಿನ ಓದುಗರೊಬ್ಬರು ನಾನೇ ತಿದ್ದಿದ ಇಂಥ ಎರಡು ಸುದ್ದಿಗಳನ್ನು ಕತ್ತರಿಸಿ, ಒಂದೇ ಹಾಳೆಗೆ ಅಂಟಿಸಿ, ಎರಡು ಕ್ರಿಯಾಪದಗಳ ಕೆಳಗೆ ಕೆಂಪು ಗೆರೆ ಎಳೆದು ಕಳುಹಿಸಿದ್ದರು. ಬೇರೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅಂದಿನಿಂದ ನಮ್ಮ ಮೇಜಿನಲ್ಲಿ ‘ಹೇಳಿದರು’ ಎಂಬ ಪದಕ್ಕೆ ಮತ್ತೆ ಮರ್ಯಾದೆ ಬಂತು. ಸಪ್ಪೆ ಎನ್ನುವವರಿದ್ದಾರೆ, ಅದಕ್ಕಿಂತ ಪ್ರಾಮಾಣಿಕವಾದ ಪದ ನನಗೆ ಸಿಕ್ಕಿಲ್ಲ.

ನಾಮಪದಗಳ ಕಥೆ ಇನ್ನೂ ಕಠಿಣ. ನಮ್ಮ ಭಾಗದ್ದನ್ನೇ ನೋಡಿ. ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದ ಉಮೇಶ ಜಾಧವ 2019ರಲ್ಲಿ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಲೋಕಸಭೆ ಚುನಾವಣೆಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನು 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ತೆರವಾದ ಚಿಂಚೋಳಿಯ ಉಪಚುನಾವಣೆಯಲ್ಲಿ ಅವರ ಮಗ ಅವಿನಾಶ ಗೆದ್ದರು. 2024ರಲ್ಲಿ ಖರ್ಗೆ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಕಲಬುರಗಿಯ ಸಂಸದರಾದರು; ಬೀದರ್‌ನಲ್ಲಿ ಸಚಿವ ಈಶ್ವರ ಖಂಡ್ರೆ ಅವರ ಮಗ ಸಾಗರ್ ಗೆದ್ದರು. ಹೀಗೆ ಎರಡೂ ಪಕ್ಷಗಳಲ್ಲಿ ಮಕ್ಕಳು, ಅಳಿಯಂದಿರು ಇದ್ದಾರೆ. ಆದರೂ ಚುನಾವಣಾ ವೇದಿಕೆಯಲ್ಲಿ ‘ಕುಟುಂಬ ರಾಜಕಾರಣ’ ಎಂಬುದು ಸದಾ ಪಕ್ಕದ ಮನೆಯ ಹೆಸರು. ಸ್ವಂತ ಮನೆಯ ಟಿಕೆಟ್ ‘ಕಾರ್ಯಕರ್ತರ ಒತ್ತಾಯ’. ಪಕ್ಷ ಬಿಟ್ಟವರು ‘ದ್ರೋಹಿ’, ಪಕ್ಷಕ್ಕೆ ಬಂದವರು ‘ಅಭಿವೃದ್ಧಿಗಾಗಿ ಬಂದವರು’.

ರಾಜಕಾರಣಿಗಳು ಹಾಗೆ ಮಾತನಾಡುವುದು ನನಗೆ ಅಚ್ಚರಿಯಲ್ಲ. ನನ್ನನ್ನು ಕಾಡುವುದು ಆ ಮಾತಿನ ಸುತ್ತಲಿನ ಉದ್ಧರಣ ಚಿಹ್ನೆಗಳು. ಜಾಗ ಉಳಿಸಲು ಶೀರ್ಷಿಕೆಯಿಂದ ಅವನ್ನು ತೆಗೆದ ಕ್ಷಣವೇ ಒಬ್ಬರ ಆರೋಪ ಪತ್ರಿಕೆಯ ತೀರ್ಪಾಗಿಬಿಡುತ್ತದೆ. ಅಭ್ಯರ್ಥಿ ಯಾರ ಮಗ, ಯಾರ ಅಳಿಯ ಎಂದು ಬರೆಯುವುದಾದರೆ ಎಲ್ಲ ಅಭ್ಯರ್ಥಿಗಳಿಗೂ ಬರೆಯಬೇಕು, ಪರಿಚಯದ ಅದೇ ಸಾಲಿನಲ್ಲಿ. ಒಬ್ಬರಿಗೆ ಮೊದಲ ಸಾಲು, ಇನ್ನೊಬ್ಬರಿಗೆ ಕೊನೆಯ ಪ್ಯಾರಾ ಎಂದರೆ ಅದೂ ಪಕ್ಷಪಾತವೇ.

ಇದರ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದು ತೊಗರಿ ರಾಶಿಯ ಕಾಲದಲ್ಲಿ ಕಾಣುತ್ತದೆ. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ. 2025–26ಕ್ಕೆ ಕ್ವಿಂಟಲ್‌ಗೆ 8,000 ರೂಪಾಯಿ. ಖರೀದಿ ಕೇಂದ್ರ, ರೈತರ ನೋಂದಣಿ ಇವುಗಳಲ್ಲಿ ರಾಜ್ಯದ ಹೊಣೆಯೂ ಇದೆ. ವಿರೋಧ ಪಕ್ಷದಲ್ಲಿದ್ದಾಗ ರಸ್ತೆ ತಡೆದವರು ಅಧಿಕಾರಕ್ಕೆ ಬಂದ ಮೇಲೆ ಇನ್ನೊಂದು ಸರ್ಕಾರದತ್ತ ಬೆರಳು ತೋರಿಸುತ್ತಾರೆ. ನಾವು ಅದನ್ನು ವಾಗ್ದಾಳಿ, ತಿರುಗೇಟು ಎಂದು ಎರಡು ಕಾಲಂಗಳಲ್ಲಿ ಹಂಚಿ ನಿಷ್ಪಕ್ಷಪಾತಿಗಳಾದೆವು ಎಂದುಕೊಳ್ಳುತ್ತೇವೆ. ದರ ಕಡಿಮೆಯಾದರೆ ಯಾರನ್ನು ಕೇಳಬೇಕು, ಖರೀದಿ ಕೇಂದ್ರ ತೆರೆಯದಿದ್ದರೆ ಯಾರನ್ನು ಕೇಳಬೇಕು ಎಂಬುದು ಆ ಎರಡೂ ಕಾಲಂಗಳಲ್ಲಿ ಇರುವುದಿಲ್ಲ.

ಈಗ ಅಂಥ ಹೇಳಿಕೆ ಬಂದರೆ, ಅದೇ ನಾಯಕರು ವಿರೋಧ ಪಕ್ಷದಲ್ಲಿದ್ದಾಗ ಹೇಳಿದ್ದನ್ನು ಹಳೆಯ ಸಂಚಿಕೆಯಿಂದ ಹುಡುಕಿ ತರಲು ಹುಡುಗರನ್ನು ಕಳುಹಿಸುತ್ತೇನೆ. ಎರಡನ್ನೂ ದಿನಾಂಕದ ಸಮೇತ ಅಕ್ಕಪಕ್ಕ ಇಡುತ್ತೇವೆ. ಕೆಳಗೆ ಯಾವ ಹೊಣೆ ಯಾವ ಸರ್ಕಾರದ್ದು ಎಂದು ನಾಲ್ಕು ಸಾಲು. ವಿಶೇಷಣ ಒಂದೂ ಇರುವುದಿಲ್ಲ.