ಕಮಿಂಗ್ ಔಟ್: ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು

ತನಗೆ ತನ್ನದೇ ಲಿಂಗದವರ ಮೇಲೆ ಒಲವಿದೆ, ಇಲ್ಲವೇ ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ. ಇದನ್ನು ಮೊದಲು ತಾನೇ ಒಪ್ಪಿಕೊಂಡು, ಆಮೇಲೆ ಬೇರೆಯವರಿಗೆ ಹೇಳುವುದಕ್ಕೆ ಕಮಿಂಗ್ ಔಟ್ ಅಂತಾರೆ. ಬಚ್ಚಿಟ್ಟುಕೊಂಡ ಕಪಾಟಿನಿಂದ ಹೊರಬರುವುದು ಎಂಬ ಅರ್ಥ ಸೇರಿಕೊಂಡದ್ದು 1960ರ ದಶಕದ ಹೊತ್ತಿಗೆ. ಅದಕ್ಕೂ ಹಿಂದೆ ಅಮೆರಿಕದಲ್ಲಿ ಸಲಿಂಗಿಗಳು ಈ ಮಾತನ್ನು ಬಳಸುತ್ತಿದ್ದದ್ದು ತಮ್ಮಂಥವರ ಬಳಗಕ್ಕೆ ಕಾಲಿಡುವುದಕ್ಕೆ. ನನಗೆ ಆ ಹಳೆಯ ಅರ್ಥವೇ ಜಾಸ್ತಿ ಹಿಡಿಸುತ್ತದೆ. ಮೊದಲು ನಮ್ಮವರು ಸಿಗಬೇಕು, ಮನೆಯವರಿಗೆ ಹೇಳುವ ಮಾತು ಆಮೇಲೆ.

ಕೊಡಗಿನಲ್ಲಿ ಈ ಕ್ರಮ ಇನ್ನೂ ಮುಖ್ಯ. ಇಲ್ಲಿ ಯಾರ ಹೆಸರೂ ಒಬ್ಬರದ್ದೇ ಅಲ್ಲ. ಕೊಡವರಲ್ಲಿ ಹೆಸರಿಗಿಂತ ಮೊದಲು ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಒಕ್ಕ ಗೊತ್ತಾದರೆ ಐನ್‌ಮನೆ, ಅಂದರೆ ಮನೆತನದ ಮೂಲ ಮನೆ, ಗೊತ್ತು, ತೋಟ ಎಲ್ಲಿದೆ ಅಂತ ಗೊತ್ತು, ತಾಯಿ ಯಾವ ಮನೆಯಿಂದ ಬಂದವರು ಅಂತಲೂ ಗೊತ್ತು. ಅರೆಭಾಷೆ ಗೌಡರ ಮನೆಗಳಲ್ಲೂ ಹೆಚ್ಚು ಕಡಿಮೆ ಹೀಗೇ. ಹಾಗಾಗಿ ಮಗ ಒಂದು ಮಾತು ಹೇಳಿದರೆ ಅಪ್ಪನಿಗೆ ಮೊದಲು ಕಾಣುವುದು ಮಗನ ಮುಖವಲ್ಲ, ಸುಗ್ಗಿ ಹಬ್ಬ ಹುತ್ತರಿಗೆ ಐನ್‌ಮನೆಯಲ್ಲಿ ಸೇರುವ ಅಷ್ಟೂ ಜನರ ಮುಖ. ಮೂವತ್ತು ದಾಟಿದವರಿಗಂತೂ ಯಾರದೇ ಮದುವೆಗೆ ಹೋದರೂ ಒಂದೇ ಪ್ರಶ್ನೆ: 'ನಿಂದು ಯಾವಾಗ?' ನಕ್ಕು ಜಾರಿಕೊಳ್ಳುವುದು ಎಷ್ಟು ಸಲ ಸಾಧ್ಯ?

ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಗಂಡಸರು ಸೀರೆ, ಲಂಗ ತೊಟ್ಟು, ಡಬ್ಬ ಬಡಿದು, ಬೈಗುಳದ ಹಾಡು ಹೇಳುತ್ತಾ ಗೋಣಿಕೊಪ್ಪದ ರಸ್ತೆಯಲ್ಲಿ ಕಾಸು ಕೇಳುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ಅದು ಕಾಡಿನ ಜನರ ಹಬ್ಬ, ಅದನ್ನು ಈ ವಿಷಯಕ್ಕೆ ತಳುಕು ಹಾಕುವುದು ತಪ್ಪು. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ವೇಷ ಅಂತ ಗೊತ್ತಿರುವವರೆಗೆ ಊರಿಗೆ ಅಡ್ಡಿಯಿಲ್ಲ. 'ಇದು ವೇಷವಲ್ಲ, ನಾನೇ ಹೀಗೆ' ಅಂತ ಒಬ್ಬರು ಹೇಳಿದಾಗ ಶುರುವಾಗುತ್ತದೆ ತಕರಾರು.

ಕಾನೂನು ಒಂದಷ್ಟು ದೂರ ಬಂದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಕೂಡುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಸಲಿಂಗ ಮದುವೆಗೆ ಮಾತ್ರ 2023ರಲ್ಲಿ ಮಾನ್ಯತೆ ಕೊಡಲಿಲ್ಲ. ಇನ್ನು ಇದು ಕಾಯಿಲೆ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ಸರಿಹೋಗುತ್ತದೆ ಎನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ.

ಧೈರ್ಯ ಅಂದರೆ ಎಲ್ಲರೆದುರು ಒಂದೇ ದಿನ ಘೋಷಿಸುವುದು ಅಂತ ಸುಮ್ನೆ ಅಂದುಕೊಂಡಿದ್ದೇವೆ. ಹಾಗೇನಿಲ್ಲ. ಹೇಳುವ ಕೆಲಸ ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಹೊಸ ಕೆಲಸ, ಹೊಸ ಬಾಡಿಗೆ ಮನೆ, ಹೊಸ ಗೆಳೆಯರು, ಪ್ರತಿ ಸಲವೂ ಹೇಳಲೋ ಬೇಡವೋ ಅಂತ ಲೆಕ್ಕ ಹಾಕಬೇಕು. ಲಿಂಗಪರಿವರ್ತಿತ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಪಡೆದರು, ನಿಜ. ಆದರೆ ಅವರು ಚಿಕ್ಕ ವಯಸ್ಸಿನಲ್ಲೇ ಮನೆಯಿಂದ ದೂರವಾಗಬೇಕಾಯಿತು. ಅವರನ್ನು ತೋರಿಸಿ 'ನೀನೂ ಹೇಳಿಬಿಡು' ಎನ್ನುವುದು ಸುಲಭ, ಬೆಲೆ ತೆರುವವರು ಬೇರೆ. ಊಟ, ಓದು, ಮಲಗುವ ಜಾಗ ಎಲ್ಲಕ್ಕೂ ಮನೆಯನ್ನೇ ನೆಚ್ಚಿಕೊಂಡಿರುವ ಹುಡುಗಿ ಇನ್ನೆರಡು ವರ್ಷ ಸುಮ್ಮನಿರುತ್ತೇನೆ ಅಂದರೆ ಅದು ಹೇಡಿತನ ಅಲ್ಲ. ಅಷ್ಟರಲ್ಲಿ ನಂಬಿಕೆಯ ಒಬ್ಬರಿಗೆ ಹೇಳಿದರೂ ಅವಳು ಹೊರಗೆ ಬಂದಂತೆಯೇ. ತೀರಾ ಒಂಟಿ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416.

ಕೇಳಿಸಿಕೊಂಡವರಿಗೂ ಒಂದು ಕೆಲಸವಿದೆ. ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವುದಕ್ಕೆ ಔಟಿಂಗ್ ಅಂತಾರೆ. ಸಿದ್ದಾಪುರದಲ್ಲಿ ಬೆಳಿಗ್ಗೆ ಆಡಿದ್ದು ಸಂಜೆಗೆ ಮಡಿಕೇರಿ ಮುಟ್ಟುವ ಜಿಲ್ಲೆ ನಮ್ಮದು. 'ಇದು ಇನ್ನು ಯಾರಿಗೆಲ್ಲ ಗೊತ್ತು?' ಅಂತ ಅವರನ್ನೇ ಕೇಳಿ ತಿಳಿದುಕೊಳ್ಳಿ. ಆ ಪಟ್ಟಿಗೆ ನೀವಾಗಿ ಯಾರನ್ನೂ ಸೇರಿಸಬೇಡಿ, ನಿಮ್ಮ ಗಂಡನನ್ನೂ ಹೆಂಡತಿಯನ್ನೂ ಕೂಡ.