ಅರಮನೆ ಬ್ಯಾಂಡಿನಿಂದ ನೇಮದ ಅಂಗಳಕ್ಕೆ: ಕರಾವಳಿಗೆ ಸ್ಯಾಕ್ಸೋಫೋನ್ ಬಂದ ದಾರಿ

ಮಂಗಳೂರಿನ ಬಳಿಯ ಬಜಪೆ ಕಡೆಯ ಒಂದು ನೇಮ, ಅಂದರೆ ದೈವಾರಾಧನೆಯ ಉತ್ಸವ. ರಾತ್ರಿ ಹನ್ನೊಂದು ಗಂಟೆ ಇರಬಹುದು. ಚಪ್ಪರದ ಮೂಲೆಯಲ್ಲಿ ಚಾಪೆ ಹಾಸಿ ಕೂತಿದ್ದ ವಾದ್ಯದವರೊಬ್ಬರು ಪೆಟ್ಟಿಗೆ ತೆರೆದು ಸ್ಯಾಕ್ಸೋಫೋನ್ ಜೋಡಿಸುತ್ತಿದ್ದರು. ಊದಿದಾಗ ಕಂಪಿಸಿ ನಾದ ಹೊರಡಿಸುವ ತೆಳು ಪಟ್ಟಿ, ರೀಡನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡರು. ಒಂದು ಕೀ ಅಂಟಿಕೊಂಡಿತ್ತು. ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು, ಪ್ಯಾಡಿನ ಅಡಿಗೆ ತೂರಿಸಿ, ಒತ್ತಿ ಹಿಡಿದು ಮೆಲ್ಲಗೆ ಎಳೆದರು. "ನಮ್ಮೂರಿನ ಸೆಕೆಗೆ ಇದೊಂದು ರಗಳೆ" ಎಂದರು. ಸ್ವಲ್ಪ ಹೊತ್ತಿನಲ್ಲೇ ಡೋಲು, ತಾಸೆ, ದೈವದ ಕಾಲಿನ ಗಗ್ಗರದ ಸದ್ದಿನ ನಡುವೆ ಆ ನಾದ ಎದ್ದಿತು. ಸುತ್ತ ನಿಂತ ನೂರಾರು ಜನರಲ್ಲಿ ಯಾರಿಗೂ ಅದು ಹೊರಗಿನ ವಾದ್ಯ ಅನ್ನಿಸಲಿಲ್ಲ.

ಮಂಗಳೂರು, ಉಡುಪಿ ಕಡೆ ಬೆಳೆದವರಿಗೆ ಸ್ಯಾಕ್ಸೋಫೋನ್ ಅಂದ್ರೆ ಮದುವೆ, ರಥೋತ್ಸವ, ನಾಗಮಂಡಲ. ಆದರೆ ಅದನ್ನು ಮಾಡಿದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. ಪ್ಯಾರಿಸ್‌ನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಯುರೋಪಿನ ಸಿಂಫನಿ ಆರ್ಕೆಸ್ಟ್ರಾಗಳು ಅದಕ್ಕೆ ಕಾಯಂ ಜಾಗ ಕೊಡಲಿಲ್ಲ. ಮಿಲಿಟರಿ ಬ್ಯಾಂಡುಗಳು ಕೊಟ್ಟವು, ಆಮೇಲೆ ಜಾಝ್ ಕೊಟ್ಟಿತು. ಅದು ದೈವದ ಮುಂದೆ ಬಂದು ನಿಂತದ್ದು ಹೇಗೆ?

ದಾರಿ ಮೈಸೂರಿನ ಮೇಲೆ ಹಾದು ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಆ ಬ್ಯಾಂಡನ್ನು ತಿದ್ದಿದವರು ಜರ್ಮನಿಯ ಆಟೋ ಶ್ಮಿಟ್. ಮುಂದೆ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ನುಡಿಸುತ್ತಿದ್ದರು, ಕೀರ್ತನೆಗಳನ್ನೂ ರಚಿಸಿದರು. ಲಂಡನ್‌ನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಎದ್ದು ನಿಲ್ಲಲು ಅವರ ಹಣ ಊರುಗೋಲಾಯಿತು. 1948ರಲ್ಲಿ ಅದರ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಅದೇ ಫಿಲ್ಹಾರ್ಮೋನಿಯಾ. ಆ ಕಛೇರಿಯ ಖರ್ಚಿಗೆ ಜವಾಬ್ದಾರಿ ಹೊತ್ತವರು ನಮ್ಮ ಮೈಸೂರು ಮಹಾರಾಜರು. ಆ ಹಾಲ್‌ನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇತ್ತ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಒಬ್ಬ ಹುಡುಗ ಹುಟ್ಟಿದ. ಅಪ್ಪ ತನಿಯಪ್ಪ ನಾಗಸ್ವರ ನುಡಿಸುವವರು. ಹುಡುಗನಿಗೂ ಮೊದಲ ಪಾಠ ನಾಗಸ್ವರದ್ದೇ. ಒಮ್ಮೆ ಮೈಸೂರಿನಲ್ಲಿ ಅರಮನೆ ಬ್ಯಾಂಡ್ ಕೇಳಿದಾಗ ಅದರೊಳಗಿನ ಸ್ಯಾಕ್ಸೋಫೋನ್ ಅವನನ್ನು ಹಿಡಿದುಬಿಟ್ಟಿತು. ಅವನೇ ಮುಂದೆ ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥ್. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ವಾದ್ಯವನ್ನು ಪಳಗಿಸಲು ಹತ್ತಿರ ಹತ್ತಿರ 20 ವರ್ಷ ಹಿಡಿಯಿತು.

ಯಾಕೆ ಅಷ್ಟು ಕಷ್ಟ? ನಾಗಸ್ವರದಲ್ಲಿ ಬೆರಳು ನೇರ ರಂಧ್ರದ ಮೇಲೇ ಇರುತ್ತದೆ. ಅರ್ಧ ಮುಚ್ಚಬಹುದು, ಕಾಲು ಮುಚ್ಚಬಹುದು, ಮೆಲ್ಲಗೆ ಜಾರಿಸಬಹುದು. ಸ್ವರವನ್ನು ತೂಗುವ, ಬಾಗಿಸುವ ನಮ್ಮ ಗಮಕ ನಿಂತಿರುವುದೇ ಆ ಜಾರುವಿಕೆಯಲ್ಲಿ. ಸ್ಯಾಕ್ಸೋಫೋನ್‌ನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀ ಮತ್ತು ಪ್ಯಾಡ್ ಇದೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಜಾರುವ ಕೆಲಸವನ್ನೆಲ್ಲ ತುಟಿ ಮತ್ತು ಉಸಿರೇ ಮಾಡಬೇಕು. ಒಂದು ನಂಟು ಮಾತ್ರ ಮೊದಲೇ ಇತ್ತು. ಎರಡೂ ರೀಡಿನ ವಾದ್ಯಗಳು. ನಾಗಸ್ವರಕ್ಕೆ ಜೋಡಿ ರೀಡ್, ಸ್ಯಾಕ್ಸೋಫೋನ್‌ಗೆ ಒಂಟಿ ರೀಡ್. ನಾಗಸ್ವರ ಊದಿ ಗಟ್ಟಿಯಾದ ಎದೆಗೆ ಸ್ಯಾಕ್ಸೋಫೋನ್ ತೀರಾ ಅಪರಿಚಿತ ಅಲ್ಲ. ಹಾಗಾಗಿ ಬೇರೆ ಊರಲ್ಲಿ ಜಾಝ್ ಆಗಿ ಉಳಿದದ್ದು ವಾಲಗದ ಮನೆಯ ಹುಡುಗನ ಕೈಯಲ್ಲಿ ಕಲ್ಯಾಣಿ, ತೋಡಿ ರಾಗ ಆಯಿತು ಅಂತ ನನಗನಿಸುತ್ತದೆ. ಪಿಟೀಲಿನ ಕಥೆಯೂ ಹೀಗೇ ಅಲ್ವಾ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತದ್ದು ಬಿಳಿಯರ ಬ್ಯಾಂಡಿನವರಿಂದ. ಇವತ್ತು ಪಿಟೀಲಿಲ್ಲದ ಕಛೇರಿಯೇ ಅಪರೂಪ.

1980ರ ಮುಂಬಯಿ ಜಾಝ್ ಉತ್ಸವದ ಹೊತ್ತಿಗೆ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಗೋಪಾಲನಾಥರ ವಾದನ ಕೇಳಿ ಬೆರಗಾಗಿ, ಜೊತೆಗೂಡಿ ನುಡಿಸಿದರು. 1994ರಲ್ಲಿ ಲಂಡನ್‌ನಲ್ಲಿ ನಡೆಯುವ ಬಿಬಿಸಿಯ ಪ್ರಾಮ್ಸ್ ಸಂಗೀತ ಉತ್ಸವಕ್ಕೆ ಕರೆ ಬಂತು. ಆ ಉತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಜಾಗ ಅದೇ, ರಾಯಲ್ ಆಲ್ಬರ್ಟ್ ಹಾಲ್. 44 ವರ್ಷದ ಹಿಂದೆ ಮೈಸೂರಿನ ದುಡ್ಡು ಹೋದಲ್ಲಿಗೆ ಸಜಿಪದ ಉಸಿರು ಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲೇ ತೀರಿಕೊಂಡರು.

ಕರಾವಳಿಯಲ್ಲಿ ಅವರ ಹಿಂದೆ ಒಂದು ಸಾಲೇ ಬೆಳೆಯಿತು. ದೇವಸ್ಥಾನದ ವಾದ್ಯವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ದೇವಾಡಿಗ, ಶೇರಿಗಾರ ಮನೆಗಳ ಹುಡುಗರು ಸ್ಯಾಕ್ಸೋಫೋನ್ ಹಿಡಿದರು. ಹೆಣ್ಣುಮಕ್ಕಳೂ ಹಿಡಿದರು. ಕ್ರೈಸ್ತರ ಮದುವೆಗಳ ಬ್ಯಾಂಡಿನಲ್ಲಿ ಟ್ರಂಪೆಟ್ ಜೊತೆ ಅದು ಹೇಗೂ ಇತ್ತು. ಹಾಗಾಗಿ ನಮ್ಮ ಕಿವಿಗೆ ಅದು ಎರಡು ಕಡೆಯಿಂದಲೂ ಒಗ್ಗಿತ್ತು.

ಇದರ ನಡುವೆ ಒಂದು ಸಂಕಟವೂ ಇದೆ. ನಾಗಸ್ವರದವರು ಕಡಿಮೆಯಾಗುತ್ತಿದ್ದಾರೆ. ಅದಕ್ಕೆ ಉಸಿರು ಜಾಸ್ತಿ ಬೇಕು, ಮೊದಲ ಸ್ವರ ಸರಿಯಾಗಿ ಹೊರಡಲಿಕ್ಕೇ ತಿಂಗಳುಗಟ್ಟಲೆ ಕೂರಬೇಕು. ಸ್ಯಾಕ್ಸೋಫೋನ್ ಶುರುವಿನಲ್ಲಿ ಬೇಗ ಒಲಿಯುತ್ತದೆ, ಭಜನೆಯಿಂದ ಸಿನಿಮಾ ಹಾಡಿನವರೆಗೆ ಎಲ್ಲ ನುಡಿಸಬಹುದು, ಮದುವೆಗೆ ಕರೆಯುವವರೂ ಅದನ್ನೇ ಕೇಳುತ್ತಾರೆ. ಕಲಾವಿದರನ್ನು ದೂರಲು ನನಗೆ ಮನಸ್ಸಿಲ್ಲ, ಅವರೂ ಸಂಸಾರ ನಡೆಸಬೇಕು. ಕರೆಯುವ ನಾವೇ ಕೇಳುವುದನ್ನು ಬಿಟ್ಟಿದ್ದೇವೆ.

ಆ ನೇಮದಲ್ಲಿ ನಡುರಾತ್ರಿ ದಾಟಿದ ಮೇಲೆ ಅದೇ ಕಲಾವಿದರು ಸ್ಯಾಕ್ಸೋಫೋನ್ ಕೆಳಗಿಟ್ಟು, ಬಟ್ಟೆ ಚೀಲದಿಂದ ನಾಗಸ್ವರ ತೆಗೆದರು. ಬೆರಳು ತಾಗಿ ತಾಗಿ ಮರ ನುಣುಪಾಗಿತ್ತು. ಅಪ್ಪನದ್ದಂತೆ. ಹತ್ತೇ ನಿಮಿಷ ನುಡಿಸಿದರು. "ಕೇಳಿದರೆ ತರ್ತೇವೆ, ಕೇಳುವವರೇ ಕಡಿಮೆ" ಎಂದರು. ಫೆಬ್ರವರಿಯಲ್ಲಿ ನಮ್ಮ ಮನೆಯಲ್ಲೊಂದು ಮದುವೆ ಇದೆ. ಅವರ ನಂಬರ್ ತೆಗೆದುಕೊಂಡು ಅಲ್ಲೇ ಹೇಳಿಬಿಟ್ಟೆ, ಎರಡನ್ನೂ ತನ್ನಿ, ಧಾರೆಯ ಹೊತ್ತಿಗೆ ನಾಗಸ್ವರವೇ ಇರಲಿ ಅಂತ.